ಮೊರಿಯಾರ್ಟಿಯನ್ನು ಮುಂಬಯಿಗೆ ಕರೆತರುವ ಬಗೆ

ಷರ್ಲಾಕ್ ಹೋಮ್ಸ್‌ನ ಕಡುವೈರಿ ಪ್ರೊಫೆಸರ್ ಮೊರಿಯಾರ್ಟಿಯ ಮೇಲೆ ಹೊಸ ಕತೆ ಬರೆಯಲು ಯಾರ ಅಪ್ಪಣೆಯೂ ಬೇಡ. ಇಬ್ಬರನ್ನೂ ಸೃಷ್ಟಿಸಿದ ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾಯಿತು. ಆದರೆ ಈಚಿನ ಸಿನಿಮಾ, ಧಾರಾವಾಹಿಗಳು ಮೊರಿಯಾರ್ಟಿಗೆ ತೊಡಿಸಿದ ವೇಷ ಮುಟ್ಟಬೇಡಿ, ಅದಕ್ಕೆ ಬೇರೆ ಹಕ್ಕುದಾರರಿದ್ದಾರೆ.

ಮೊದಲು ‘ದಿ ಫೈನಲ್ ಪ್ರಾಬ್ಲಂ’ (1893), ‘ದಿ ವ್ಯಾಲಿ ಆಫ್ ಫಿಯರ್’ ಎರಡನ್ನೂ ಪೆನ್ಸಿಲ್ ಹಿಡಿದು ಓದಿ. ಅಲ್ಲಿನ ಮೊರಿಯಾರ್ಟಿ ಹೀಗೆ: 21ನೇ ವಯಸ್ಸಿಗೇ ಗಣಿತದ ದ್ವಿಪದ ಪ್ರಮೇಯದ ಮೇಲೆ ಪ್ರಬಂಧ. ಉಬ್ಬಿದ ಬಿಳಿ ಹಣೆ, ಗುಳಿಬಿದ್ದ ಕಣ್ಣು, ಹಾವಿನಂತೆ ಅತ್ತಿತ್ತ ತೂಗುವ ಮುಖ. ಪ್ರಾಧ್ಯಾಪಕನ ಸಂಬಳ ವರ್ಷಕ್ಕೆ 700 ಪೌಂಡ್, ಬಲಗೈ ಬಂಟ ಕರ್ನಲ್ ಮೊರಾನ್‌ಗೆ ಅವನು ಕೊಡುವುದು 6,000! ಈ ಮೊರಾನ್ ‘ಫಸ್ಟ್ ಬೆಂಗಳೂರು ಪಯೋನಿಯರ್ಸ್’ ಸೇನಾಪಡೆಯಲ್ಲಿದ್ದವನು ಎಂದು ಡಾಯ್ಲ್ ಬರೆದಿದ್ದಾನೆ. ಕನ್ನಡ ಕತೆಗಾರರಿಗೆ ಇಂಥ ಬಾಗಿಲು ಮತ್ತೆಲ್ಲಿ ಸಿಕ್ಕೀತು?

ಹೋಮ್ಸ್‌ನ ಕತೆ ಹೇಳುವ ಗೆಳೆಯ ವಾಟ್ಸನ್ ಮೊರಿಯಾರ್ಟಿಯನ್ನು ಕಂಡದ್ದೆಲ್ಲ ದೂರದಿಂದಲೇ, ಅದನ್ನು ಮರೆಯಬೇಡಿ. ಬಣ್ಣದ ವೇಷದಂತೆ ಅಬ್ಬರಿಸಿ ತೆರೆ ಸರಿಸಿಕೊಂಡು ಬರುವ ಖಳ ಇವನಲ್ಲ. 2,000 ಪದಗಳ ಕತೆಯಲ್ಲಿ ಅವನಿಗೆ ಒಂದೇ ದೃಶ್ಯ, ಹೆಚ್ಚೆಂದರೆ ಹತ್ತು ಮಾತು ಸಾಕು. ಉಳಿದದ್ದನ್ನು ಕೈಕೆಳಗಿನವನೊಬ್ಬನ ಕಣ್ಣಿನಿಂದ ಹೇಳಿ. ಮುಂಬಯಿಯ ಕೊಲಾಬಾದ ಹತ್ತಿ ದಲಾಲಿಯ ಕಚೇರಿಯಲ್ಲಿ ಕಾರವಾರದ ಗುಮಾಸ್ತನೊಬ್ಬ ಇದ್ದಾನೆ ಎನ್ನಿ. ಹಡಗಿಗೆ ಏರಿದ್ದು 40 ಅಂಡಿಗೆ, ವಿಮೆಯ ಕಾಗದದಲ್ಲಿ 400. ಹಡಗು ಮುಳುಗುತ್ತದೆ. ಆ ಒಂದು ಸೊನ್ನೆ ಬರೆದದ್ದು ತನ್ನದೇ ಕೈ ಎಂದು ಅವನಿಗೆ ಹೊಳೆದ ದಿನವೇ ಲಂಡನ್ನಿನಿಂದ ಕಾಗದ ಬರುತ್ತದೆ: “ನಿಮ್ಮ ಅಕ್ಷರ ದುಂಡಗಿದೆ.” ಇನ್ನು ಬೆದರಿಕೆ ಬೇಕಿಲ್ಲ.

ಗಮನಿಸಿ, “ನಿಮ್ಮ”. ಮೊರಿಯಾರ್ಟಿ ಏಕವಚನಕ್ಕೆ ಇಳಿದನೋ, ಕಂಪನಿ ನಾಟಕದ ಖಳನಾದ. ಇಂಗ್ಲಿಷಿನಲ್ಲಿ ಸಿಗದ ಅನುಕೂಲ ನಮಗಿದೆ: ಗುಮಾಸ್ತ ಮೊದಲೆಲ್ಲ “ಪ್ರೊಫೆಸರರು”, “ಅವರು” ಎನ್ನಲಿ. ಸೊನ್ನೆಯ ಗುಟ್ಟು ಬಯಲಾದ ಸಾಲಿನಲ್ಲಿ, ಸದ್ದಿಲ್ಲದೆ, “ಅವನು” ಬರಲಿ. ಕತೆಯ ತಿರುವು ಅಲ್ಲೇ ಆಯಿತು. ಅವಸರಪಟ್ಟು ಮೊದಲ ಪುಟದಲ್ಲೇ “ಅವನು” ಎಂದು ಬರೆದವರು ಈ ಅಸ್ತ್ರ ಕಳೆದುಕೊಳ್ಳುತ್ತಾರೆ. ಹಾಗೆ ಕೆಟ್ಟ ಕರಡುಗಳೇ ಹೆಚ್ಚು.

ಕಾಲದ ತಪ್ಪುಗಳು ಬೇರೆ. ಡಾಯ್ಲ್‌ನ ಕತೆಯಲ್ಲಿ ಮೊರಿಯಾರ್ಟಿ ಜಲಪಾತಕ್ಕೆ ಬಿದ್ದು ಸತ್ತದ್ದು 1891ರ ಮೇ 4ರಂದು, ಕತೆ ಅದಕ್ಕೂ ಮುಂಚಿನದಾಗಿರಬೇಕು. ಮಾಟುಂಗಾದ ಇಡ್ಲಿ ಹೋಟೆಲಿನಲ್ಲಿ ಅವನ ಏಜೆಂಟನನ್ನು ಕೂರಿಸುವ ಆಸೆ ಮುಂಬಯಿ ಕನ್ನಡಿಗರಿಗೆ ಬಂದೇ ಬರುತ್ತದೆ, ತಡೆದುಕೊಳ್ಳಿ. ದಾದರ್-ಮಾಟುಂಗಾ ಬಡಾವಣೆ ಹುಟ್ಟಿದ್ದೇ 1896ರ ಪ್ಲೇಗಿನ ನಂತರ. ಟ್ರಾಮಿದೆ, ಕುದುರೆ ಎಳೆಯುವುದು. ವಿದ್ಯುತ್ ಟ್ರಾಮ್ 1907ಕ್ಕೆ, ವಿದ್ಯುತ್ ಲೋಕಲ್ ರೈಲು 1925ಕ್ಕೆ. ಲಂಡನ್ನಿಗೆ ಸಮುದ್ರದಡಿಯ ತಂತಿ ಮಾತ್ರ 1870ರಿಂದಲೇ ಇದೆ, ಅದನ್ನು ಧಾರಾಳವಾಗಿ ಬಳಸಿ. ತಂತಿಯಲ್ಲಿ ಪದಕ್ಕಿಷ್ಟು ದುಡ್ಡು, ಹಾಗಾಗಿ ಆಜ್ಞೆಗಳು ಮೂರು ನಾಲ್ಕು ಪದ ಮೀರದಿರಲಿ.

ಹೋಮ್ಸ್‌ನನ್ನು ಕರೆತರಬೇಡಿ. ಅವನು ಬಂದರೆ ಗುಮಾಸ್ತ ಮೂಲೆಗುಂಪಾಗುತ್ತಾನೆ. ತೀರಾ ಬೇಕೆನಿಸಿದರೆ, ಹಡಗಿನಲ್ಲಿ ಬಂದು ಹಳತಾದ ಲಂಡನ್ ಪತ್ರಿಕೆಯ ಮೂಲೆಯಲ್ಲಿ, ಗುಮಾಸ್ತ ಕಡಲೆ ಕಟ್ಟಿಸಿಕೊಂಡ ಹಾಳೆಯಲ್ಲಿ, ಎರಡು ಸಾಲು ಇರಲಿ.