ಗಾಜು ಕರಗಿಸಲು ಹೂವಿನ ಕುಂಡ: ನನ್ನ ಅನುಭವ

ಉಡುಪಿಯ ನನ್ನ ಪುಟ್ಟ ಕಾರ್ಯಾಗಾರದಲ್ಲಿ ಗಾಜು ಕರಗಿಸುವುದಕ್ಕೆ ದುಬಾರಿ ಮೂಸೆ ಇಲ್ಲ, ಹೂವಿನ ಕುಂಡಗಳಿವೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಗಾಜಿನ ಚೂರು ತುಂಬಿ ವಿದ್ಯುತ್ ಕುಲುಮೆಯೊಳಗೆ ಎತ್ತರದಲ್ಲಿ ಕೂರಿಸುತ್ತೇನೆ. ಕರಗಿದ ಗಾಜು ತೂತಿನಿಂದ ಜೋನಿ ಬೆಲ್ಲದಂತೆ ಎಳೆಯಾಗಿ ಇಳಿದು, ಕೆಳಗಿನ ಬೆಂಕಿ ತಾಳುವ ಹಲಗೆಯ ಮೇಲೆ ಸುರುಳಿ ಸುತ್ತುತ್ತ ಹರಡುತ್ತದೆ. ಮೊದಲು ಇಳಿದ ಬಣ್ಣ ಅಂಚಿಗೆ ಸರಿಯುತ್ತದೆ, ಕೊನೆಯದು ನಡುವೆ ಉಳಿಯುತ್ತದೆ. ಉಳಿದ ಚಿತ್ತಾರ ನಮ್ಮ ಕೈಯಲ್ಲಿಲ್ಲ.

ನಮ್ಮನ್ನು ಸತಾಯಿಸುವುದು ಗಾಜಲ್ಲ, ಕುಂಡ. 1865ರಲ್ಲೇ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಸೀಮೆ ಇದು, ಮಣ್ಣಿಗೆ ಬರವಿಲ್ಲ. ಆದರೆ ಹೆಂಚಿನಷ್ಟು ಹದವಾಗಿ ಎಲ್ಲ ಕುಂಡಗಳೂ ಬೆಂದಿರುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಸದ್ದು ಮಂಕಾಗಿದ್ದರೆ ಎಲ್ಲೋ ಕೂದಲೆಳೆಯ ಬಿರುಕಿದೆ, ಇಲ್ಲವೇ ಅರೆಬೆಂದಿದೆ. ಅಂಗಡಿಯವರು ಮುಖ ಸಿಂಡರಿಸಿದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ. ಬಣ್ಣ ಬಳಿದದ್ದು, ಹೊಳಪಿನ ಲೇಪವಿರುವುದು ಬೇಡ. ಸಿಮೆಂಟ್ ಕುಂಡವಂತೂ ಬೇಡವೇ ಬೇಡ. ತೂತು ಚಿಕ್ಕದಿದ್ದರೆ ಅರದಿಂದ ಉಜ್ಜಿ ಹೆಬ್ಬೆರಳಿನ ತುದಿ ಹೋಗುವಷ್ಟು ಅಗಲಿಸುತ್ತೇನೆ.

ನಮ್ಮ ಕರಾವಳಿಯ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದ ಆಟಿ ತಿಂಗಳಲ್ಲಿ, ಕೈಗೆ ಒಣಗಿದಂತೆ ಕಂಡ ಕುಂಡದ ಒಡಲಲ್ಲೂ ನೀರಿರುತ್ತದೆ. ಅದು ಆವಿಯಾಗಿ ಉಕ್ಕಿದರೆ ಕುಂಡ ಸೀಳುತ್ತದೆ. ಹಾಗಾಗಿ ಖಾಲಿ ಕುಂಡವನ್ನು ಕುಲುಮೆಯಲ್ಲೇ 95 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸುತ್ತೇನೆ. ಮುಂದೆ ಗಂಟೆಗೆ 100 ಡಿಗ್ರಿಯಂತೆ ನಿಧಾನವಾಗಿಯೇ ಏರಿಸಬೇಕು. ಮಣ್ಣಿನಲ್ಲಿರುವ ಬೆಣಚುಕಲ್ಲು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ. ಆ ಘಟ್ಟ ದಾಟಿದ ಮೇಲೆ ವೇಗ ಹೆಚ್ಚಿಸಬಹುದು.

ಗಾಜಿನ ವಿಷಯದಲ್ಲಿ ನಿಯಮ ಒಂದೇ: ಹಿಗ್ಗುವ ಪ್ರಮಾಣ ಒಂದೇ ಆಗಿರುವ ಗಾಜನ್ನಷ್ಟೇ ಬೆರೆಸಬೇಕು. ಕಿಟಕಿ ಗಾಜಿಗೆ ಬಾಟಲಿ ಚೂರು ಬೆರೆಸಿದರೆ ತಣಿದ ಮೇಲೆ ಸೀಳುವ ಅಪಾಯವಿದೆ. ನಾನು ಬಳಸುವುದು ಹಿಗ್ಗುವಿಕೆಯ ಗುಣಾಂಕ 90 ಇರುವ ಬಣ್ಣದ ಗಾಜು. ತಡೆ ಇಲ್ಲದೆ ಹರಡಿದ ಗಾಜು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ನಿಲ್ಲುತ್ತದೆ. ಒಂದು ಕಿಲೋ ಇಳಿದರೆ 29 ಸೆಂಟಿಮೀಟರ್ ಅಗಲದ ಬಿಲ್ಲೆ. ಕುಂಡದ ಗೋಡೆಗೆ ಅಂಟಿ ಉಳಿಯುವುದಕ್ಕೂ ಸೇರಿಸಿ ಸ್ವಲ್ಪ ಹೆಚ್ಚೇ ತುಂಬಿ. ಹಲಗೆ ಕುಲುಮೆಯ ಗೋಡೆಯಿಂದ ಸಾಕಷ್ಟು ದೂರವಿರಲಿ, ಹರಿದ ಗಾಜು ತಂತಿಸುರುಳಿಗೆ ತಗುಲಿದರೆ ಕುಲುಮೆಯೇ ಹೋಯಿತು. ಹಲಗೆಯ ಮೇಲೆ ಸೆರಾಮಿಕ್ ನಾರಿನ ಕಾಗದ ಹಾಸುತ್ತೇನೆ. ಗಾಜು ಅಂಟದಿರಲೆಂದು ಹಲಗೆಗೆ ಬರೀ ಲೇಪ ಬಳಿದರೆ ಈ ಬಿಸಿಗೆ ಅದು ಗಾಜಿಗೇ ಕಚ್ಚಿಕೊಳ್ಳುತ್ತದೆ.

ಸುಮಾರು 920 ಡಿಗ್ರಿಯಲ್ಲಿ ಒಂದೂವರೆ ಗಂಟೆ, ಹರಿವು ನಿಂತ ಮೇಲೆ 815ಕ್ಕೆ ಇಳಿಸಿ ಅರ್ಧ ಗಂಟೆ. ಅಷ್ಟರಲ್ಲಿ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ. ಬಳಿಕ 482ರಲ್ಲಿ ಎರಡು ಗಂಟೆ ತಡೆದು, ಒಳಗಿನ ಬಿಗಿತ ಸಡಿಲವಾದ ಮೇಲೆ ಮೆಲ್ಲಗೆ ತಣಿಸುತ್ತೇನೆ. ಗುಡುಗಿನ ದಿನ ಕುಲುಮೆ ಹಚ್ಚುವುದಿಲ್ಲ. ಇಳಿಕೆಯ ನಡುವೆ ಕರೆಂಟು ಹೋದರೆ ಎಲ್ಲವೂ ವ್ಯರ್ಥ.

ಕುಂಡ ಮಾತ್ರ ಒಂದೇ ಬಳಕೆಗೆ. ತಣಿಯುವಾಗ ಗಾಜಿನ ಪದರ ಒಂದು ಬಗೆಯಲ್ಲಿ, ಮಣ್ಣು ಇನ್ನೊಂದು ಬಗೆಯಲ್ಲಿ ಕುಗ್ಗಿ ಅದು ಬಿರಿದಿರುತ್ತದೆ. ಮೇಲೆ ಗಟ್ಟಿಮುಟ್ಟಾಗಿ ಕಂಡರೂ ಎರಡನೇ ಸಲ ನೆಚ್ಚಬೇಡಿ. ಚೂರುಗಳಿಗೆ ಕೈ ಹಾಕುವಾಗ ದಪ್ಪ ಕೈಗವಸು ಇರಲಿ, ಅಂಟಿದ ಗಾಜಿನ ಅಂಚು ಬ್ಲೇಡಿನಷ್ಟು ಹರಿತ.