ರೇಬೀಸ್ ಇಲ್ಲದ ನಾಡಿನಿಂದ ಏಷ್ಯಾಕ್ಕೆ ಹೊರಟಿದ್ದೀರಾ?

ಸ್ವೀಡನ್‌ನ ನಾಯಿಗಳಲ್ಲಿ ರೇಬೀಸ್ ಕಂಡದ್ದು 1886ರಲ್ಲೇ ಕೊನೆ. ನಾರ್ವೆಯಲ್ಲೂ ದೂರದ ಸ್ವಾಲ್‌ಬಾರ್ಡ್ ದ್ವೀಪಗಳನ್ನು ಬಿಟ್ಟರೆ ಈ ರೋಗವಿಲ್ಲ. ಹಾಗಾಗಿ ಚಳಿಗಾಲದಲ್ಲಿ ಥಾಯ್ಲೆಂಡ್, ಬಾಲಿ ಎಂದು ಹೊರಡುವ ಅಲ್ಲಿನವರಿಗೆ ಬೀದಿಯ ನಾಯಿಮರಿಯನ್ನು ಎತ್ತಿಕೊಳ್ಳಲು ಅಳುಕೇ ಇರುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹಾಗೆ ನಾಯಿಮರಿಯನ್ನು ಎತ್ತಿಕೊಂಡ ನಾರ್ವೆಯ ಯುವತಿಯೊಬ್ಬಳು 2019ರಲ್ಲಿ ರೇಬೀಸ್‌ನಿಂದ ತೀರಿಕೊಂಡಳು. ಆಟದಲ್ಲಾದ ತರಚು ಗಾಯಗಳಿಗೆ ಲಸಿಕೆ ಹಾಕಿಸಿಕೊಂಡಿರಲಿಲ್ಲ.

ಪ್ರಯಾಣಕ್ಕೆ ತಿಂಗಳಿರುವಾಗಲೇ ಲಸಿಕೆ ಕ್ಲಿನಿಕ್‌ಗೆ ಹೋಗಿ. ಮುಂಜಾಗ್ರತೆಗೆ ಎರಡು ಡೋಸ್, ನಡುವೆ ಒಂದು ವಾರ. ಇದನ್ನು ಹಾಕಿಸಿಕೊಂಡಿದ್ದರೂ ನಾಯಿ ಕಚ್ಚಿದ ಮೇಲೆ ಮತ್ತೆ ಲಸಿಕೆ ಬೇಕೇ ಬೇಕು. ಆದರೆ ಕಚ್ಚಿದ ದಿನ ಒಂದು, ಮೂರು ದಿನ ಬಿಟ್ಟು ಇನ್ನೊಂದು ಡೋಸ್ ಸಾಕು. ರೇಬೀಸ್ ಇಮ್ಯುನೊಗ್ಲೋಬ್ಯುಲಿನ್ (ವೈರಸ್ಸಿಗೆ ಎದುರಾಗಿ ನಿಲ್ಲುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಡ. ಸಣ್ಣ ದ್ವೀಪಗಳ ಆಸ್ಪತ್ರೆಗಳಲ್ಲಿ ಸಿಗುವುದು ಕಷ್ಟವಾದದ್ದು ಇದೇ ಔಷಧಿ. ರೋಗನಿರೋಧಕ ಶಕ್ತಿ ಕುಂದಿದವರ ಲೆಕ್ಕ ಬೇರೆ, ವೈದ್ಯರನ್ನು ಕೇಳಿ.

ಸ್ಟಾಕ್‌ಹೋಮ್, ಕೋಪನ್‌ಹೇಗನ್‌ಗಳಿಂದ ರಜೆಗೆ ಊರಿಗೆ ಬರುವ ಕನ್ನಡಿಗರು ಮಕ್ಕಳಿಗೆ ಈ ಮುಂಜಾಗ್ರತೆಯ ಲಸಿಕೆ ಹಾಕಿಸಲೇಬೇಕು. ‘ನಮ್ಮೂರೇ ತಾನೆ’ ಎಂದು ದೊಡ್ಡವರು ಸುಮ್ಮನಿರುತ್ತಾರೆ. ಮಕ್ಕಳು ಗಿಡ್ಡ, ನಾಯಿ ಬಾಯಿ ಹಾಕಿದರೆ ಮುಖಕ್ಕೇ ಹಾಕುತ್ತದೆ. ಬೈಯುತ್ತಾರೆಂದು ಗಾಯ ಮುಚ್ಚಿಡುವುದೂ ಉಂಟು. ದಿನಾ ಸ್ನಾನ ಮಾಡಿಸುವಾಗ ಕೈಕಾಲು ನೋಡಿ.

ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಲಿ, ಪರಚಲಿ, ಮೊದಲ ಕೆಲಸ ನಲ್ಲಿಯ ಕೆಳಗೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಎರಡು ನಿಮಿಷಕ್ಕೇ ಕೈ ತೆಗೆಯುವವರೇ ಹೆಚ್ಚು. ಗಾಯದ ಆಳದಲ್ಲಿ ಜೊಲ್ಲು ಉಳಿಯುವುದು ಆಗಲೇ. ಬಳಿಕ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡವೇ ಬೇಡ. ಹೊಲಿಗೆಗೂ ಅವಸರ ಬೇಡ: ಸೂಜಿ ವೈರಸ್ಸನ್ನು ನರಗಳ ಹತ್ತಿರಕ್ಕೆ ದೂಡಬಹುದು.

ಅದೇ ದಿನ ಆಸ್ಪತ್ರೆಗೆ ಹೋಗಿ. ಮುಂಚೆ ಲಸಿಕೆ ಪಡೆಯದವರಿಗೆ ಸಾಮಾನ್ಯ ಕ್ರಮ 0 (ಮೊದಲ ಡೋಸ್‌ನ ದಿನ), 3, 7, 14, 28ನೇ ದಿನ, ತೋಳಿನ ಸ್ನಾಯುವಿಗೆ. ಪುಟ್ಟ ಮಕ್ಕಳಿಗೆ ತೊಡೆಗೆ. ಪೃಷ್ಠಕ್ಕೆ ಕೊಡಬಾರದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಗಾಯದ ಒಳಗೂ ಸುತ್ತಲೂ ಬೀಳಬೇಕು. ಮೊದಲ ದಿನ ಸಿಗದಿದ್ದರೆ ಲಸಿಕೆ ಶುರುವಾದ ಏಳು ದಿನದೊಳಗೆ ಪಡೆಯಬಹುದು. ಅದಕ್ಕಾಗಿ ಕಾಯುತ್ತ ಲಸಿಕೆಯನ್ನು ಮಾತ್ರ ತಡಮಾಡಬೇಡಿ.

ಯುರೋಪಿನ ಆರೋಗ್ಯ ವಿಮೆಯ ನೀಲಿ ಕಾರ್ಡ್ ಥಾಯ್ಲೆಂಡ್‌ನಲ್ಲಾಗಲಿ ಭಾರತದಲ್ಲಾಗಲಿ ನಡೆಯದು. ಪ್ರಯಾಣ ವಿಮೆಯ ತುರ್ತು ಸಂಖ್ಯೆಗೆ ಕರೆ ಮಾಡಿ. ಲಸಿಕೆಯ ಹೆಸರು, ದಿನಾಂಕ ಇರುವ ಚೀಟಿ ಜೋಪಾನ: ಉಳಿದ ಡೋಸ್‌ಗಳನ್ನು ಮನೆಗೆ ಮರಳಿದ ಮೇಲೆ ಅದೇ ಲೆಕ್ಕದಲ್ಲಿ ಮುಗಿಸಬೇಕು.