ಮಳೆಗಾಲ ಹಿಡಿಯೋದ್ರೊಳಗೆ ಮನೆಯ ಫೋಟೋ ಸರ್ವರ್ ಅಪ್‌ಗ್ರೇಡ್ ಮುಗಿಸ್ಕೊಳ್ಳೋದು ಹೇಗೆ

ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ನೋ ಉಬುಂಟುವೋ (ಎರಡೂ ಲಿನಕ್ಸಿನ ಬಗೆಗಳು) ಹಾಕಿ, ಅದ್ರ ಮೇಲೆ ಇಮ್ಮಿಚ್, ಫೋಟೋಪ್ರಿಸಂ, ನೆಕ್ಸ್ಟ್‌ಕ್ಲೌಡ್ ಇಂಥ ಫೋಟೋ ಇಡೋ ಸಾಫ್ಟ್‌ವೇರ್ ಏನಾದ್ರೂ ಓಡಿಸ್ತಾ ಮನೆಮಂದಿ ಫೋಟೋ ಎಲ್ಲಾ ಅದ್ರಲ್ಲೇ ಇಟ್ಕೊಂಡವರಿಗೆ ಇದು. ಮೊದಲ ಸಲ ಸೆಟಪ್ ಮಾಡೋದು ಕಷ್ಟ ಅಲ್ಲ, ಎರಡು ವರ್ಷ ಕಳೆದ ಮೇಲೆ ಕೆಳಗಿನ ಲಿನಕ್ಸು, ಡೇಟಾಬೇಸು, ಲೈಬ್ರರಿ (ಪ್ರೋಗ್ರಾಂಗಳು ಹಂಚ್ಕೊಂಡು ಬಳಸೋ ಕೋಡ್) ಎಲ್ಲಾ ಒಟ್ಟಿಗೇ ಹೊಸ ಆವೃತ್ತಿಗೆ ಹೋಗ್ಬೇಕು ಅಂದಾಗ ನಿಜವಾದ ಕೆಲಸ ಶುರುವಾಗ್ತದೆ. ಶಿರಸಿಯ ನಮ್ಮನೇದು, ಕಾರವಾರದ ಅಕ್ಕನ ಮನೇದು, ಎರಡು ಮಷಿನ್ ನಾನು ನೋಡ್ಕೊಳ್ತೇನೆ. ಮಾರಿಕಾಂಬಾ ಜಾತ್ರೆ, ಚೌತಿ, ಮದುವೆ, ಮುಂಜಿ, ತೀರಿಹೋದ ಅಜ್ಜಿ ಹಾಡಿದ ವಿಡಿಯೋ ಎಲ್ಲಾ ಅದ್ರೊಳಗೇ ಇದೆ, ಹಂಗಾಗಿ ಅಪ್‌ಗ್ರೇಡ್ ಅನ್ನೋದನ್ನ ಸಸಾರ ಮಾಡೋ ಹಾಗಿಲ್ಲ.

ಮುಖ್ಯ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫೋಟೋ ಸಾಫ್ಟ್‌ವೇರ್, ಡೇಟಾಬೇಸ್, ಕೆಳಗಿನ ಲಿನಕ್ಸ್, ಈ ಮೂರನ್ನ ಒಂದೇ ದಿನ ಮುಟ್ಟಬೇಡಿ. ಮೂರೂ ಬದಲಾಗಿ ಆಮೇಲೆ ಪುಟ ತೆರೀಲಿಲ್ಲ ಅಂದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋದ್ರಲ್ಲೇ ರಾತ್ರಿ ಕಳೀತದೆ. ಒಂದನ್ನ ಏರಿಸಿ, ನಾಲ್ಕು ದಿನ ಮನೆಯವರೆಲ್ಲ ಬಳಸ್ಲಿ, ಆಮೇಲೆ ಮುಂದಿನದು. ಅವಸರಾನೂ ಇಲ್ಲ ನೋಡಿ, ಡೆಬಿಯನ್ 13 ಆಗಸ್ಟ್ 2025ರಲ್ಲಿ ಬಂತು ಅಂತ ಡೆಬಿಯನ್ 12 ಮರುದಿನವೇ ಸಾಯಲಿಲ್ಲ, ಅದಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇದೆ.

ಸಮಯ ಮಾತ್ರ ಸರಿಯಾಗಿ ನೋಡ್ಕೊಳ್ಳಿ. ಜೂನ್ ಹಿಡೀತು ಅಂದ್ರೆ ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋಗೋದು, ಸಿಡಿಲಿಗೆ ರೌಟರ್ ಸುಡೋದು ಎಲ್ಲಾ ಇದ್ದದ್ದೇ. ದೊಡ್ಡ ಅಪ್‌ಗ್ರೇಡ್ ಏಪ್ರಿಲ್ ಮುಗಿಯೋದ್ರೊಳಗೆ ಮಾಡಿ, ಗುಡುಗಿನ ಮಳೆ ಇಲ್ಲದ ದಿನ, ಬೆಳಿಗ್ಗೆ, ಇನ್ವರ್ಟರ್ ಫುಲ್ ಇದ್ದಾಗ. ಲ್ಯಾಪ್‌ಟಾಪ್ ಸರ್ವರ್ ಆಗಿದ್ರೆ ಅದರ ಬ್ಯಾಟರಿಗೆ ಇನ್ನೂ ಜೀವ ಇದೆಯಾ ಅಂತ ಚಾರ್ಜರ್ ತೆಗೆದು ನೋಡಿ. ಎಸ್‌ಎಸ್‌ಎಚ್ ಮೂಲಕ (ಬೇರೆ ಕಂಪ್ಯೂಟರಿಂದ ಲಾಗಿನ್ ಆಗಿ) ಮಾಡೋರು ಕಡ್ಡಾಯವಾಗಿ ಟಿಮಕ್ಸ್ ಒಳಗೇ ಮಾಡಿ, ವೈಫೈ ಕಡಿದ್ರೂ ಒಳಗಿನ ಕೆಲಸ ನಿಲ್ಲೋದಿಲ್ಲ. ಅಷ್ಟಾಗಿಯೂ ಪ್ಯಾಕೇಜ್ ಕೂತ್ಕೊಳ್ತಾ ಇರೋವಾಗಲೇ ಕರೆಂಟ್ ಹೋಯ್ತು ಅಂದ್ರೆ ಗಾಬರಿ ಬೇಡ, ಮತ್ತೆ ಚಾಲೂ ಮಾಡಿ ಡಿಪಿಕೆಜಿಗೆ (ಡೆಬಿಯನ್ನಿನ ಪ್ಯಾಕೇಜ್ ಹಾಕೋ ಸಾಧನ) ಅರ್ಧಕ್ಕೆ ನಿಂತ ಎಲ್ಲಾ ಪ್ಯಾಕೇಜನ್ನೂ ಕಾನ್ಫಿಗರ್ ಮಾಡು ಅಂತ ಹೇಳಿದ್ರೆ ಬಹಳ ಸಲ ಅದೇ ಸರಿಮಾಡ್ಕೊಳ್ತದೆ.

ಈಗ ಬ್ಯಾಕಪ್. ಫೋಟೋ ಫೈಲ್ ಬೇರೆ, ಡೇಟಾಬೇಸ್ ಬೇರೆ. ಫೈಲ್‌ಗಳನ್ನ ಆರ್‌ಸಿಂಕ್ ಅನ್ನೋ ಕಾಪಿ ಸಾಧನದಿಂದ ಯುಎಸ್‌ಬಿ ಡಿಸ್ಕಿಗೆ ತಗೊಂಡ್ರೆ ಚಿತ್ರ ಉಳೀತದೆ, ಆದ್ರೆ ಆಲ್ಬಮ್ಮು, ಯಾರ ಮುಖ ಯಾರದ್ದು ಅಂತ ಕೂತು ಹೆಸರು ಕೊಟ್ಟದ್ದು, ಯಾರ ಜೊತೆ ಏನು ಹಂಚಿಕೊಂಡದ್ದು, ಅದೆಲ್ಲ ಡೇಟಾಬೇಸಲ್ಲಿ ಇರ್ತದೆ. ಇಮ್ಮಿಚ್ ದಿನಾ ರಾತ್ರಿ 2 ಗಂಟೆಗೆ ಡೇಟಾಬೇಸಿನ ಡಂಪ್ (ಒಳಗಿರೋದೆಲ್ಲಾ ಬರೆದಿಟ್ಟ ಒಂದು ಫೈಲ್) ತಾನೇ ತೆಗೆದು ಅಪ್‌ಲೋಡ್ ಜಾಗದ ಬ್ಯಾಕಪ್ಸ್ ಫೋಲ್ಡರಲ್ಲಿ ಇಡ್ತದೆ, ನೀವು ಸೆಟ್ಟಿಂಗ್ ಬದಲಿಸದೇ ಇದ್ರೆ ಕೊನೇ 14 ಉಳಿಸ್ಕೊಳ್ತದೆ. ಆದ್ರೆ ಆ ಡಂಪಲ್ಲಿ ಒಂದೇ ಒಂದು ಫೋಟೋನೂ ಇರೋದಿಲ್ಲ, ಎರಡೂ ಬೇಕು. ಇನ್ನೊಂದು, ಡೇಟಾಬೇಸ್ ಓಡ್ತಾ ಇರೋವಾಗ ಅದರ ಡೇಟಾ ಫೋಲ್ಡರನ್ನ ಹಂಗೇ ಕಾಪಿ ಹೊಡೆದ್ರೆ ಅದು ಬ್ಯಾಕಪ್ ಅಲ್ಲ, ತೆರೀಬಹುದು, ತೆರೀದೇನೂ ಇರ್ಬಹುದು.

ಬ್ಯಾಕಪ್ ತೆಗೆದದ್ದನ್ನ ವಾಪಸ್ ಹಾಕಿ ನೋಡಿ. ಇದೊಂದನ್ನ ಯಾರೂ ಮಾಡೋದಿಲ್ಲ, ಇದೇ ಎಲ್ಲಕ್ಕಿಂತ ಮುಖ್ಯ. ಬೇರೆ ಯಾವ್ದಾದ್ರೂ ಲ್ಯಾಪ್‌ಟಾಪಲ್ಲಿ, ಸರ್ವರಲ್ಲಿ ಇರೋ ಆವೃತ್ತಿಯನ್ನೇ ಹಾಕಿ (ಹೊಸದಲ್ಲ, ಡಂಪ್ ತೆಗೆದಾಗ ಇದ್ದದ್ದೇ), ಖಾಲಿ ಡೇಟಾಬೇಸಿಗೆ ಡಂಪ್ ತುಂಬಿಸಿ, ಲಾಗಿನ್ ಆಗಿ ಆಲ್ಬಮ್ ಕಾಣ್ತದಾ ನೋಡಿ. ಫೋಟೋ ಫೈಲ್ ಎಲ್ಲಾ ಕಾಪಿ ಮಾಡದೇ ಇದ್ರೆ ಚಿತ್ರದ ಜಾಗ ಖಾಲಿ ಕಾಣ್ಬಹುದು, ಅಡ್ಡಿಲ್ಲ, ಹೆಸರುಗಳು ತಾರೀಖುಗಳು ಬಂದ್ವು ಅಂದ್ರೆ ಡಂಪ್ ಗಟ್ಟಿ ಇದೆ. ಅಲ್ಲಿ ತನಕ ಅಪ್‌ಗ್ರೇಡ್ ಬಟನ್ ಒತ್ತಬೇಡಿ.

ಡಾಕರ್‌ನಲ್ಲಿ (ಸಾಫ್ಟ್‌ವೇರನ್ನ ಅದಕ್ಕೆ ಬೇಕಾದ ಲೈಬ್ರರಿ ಸಮೇತ ಇಮೇಜ್ ಅನ್ನೋ ಕಟ್ಟಿನಿಂದ ಓಡಿಸೋ ವ್ಯವಸ್ಥೆ) ಇಮ್ಮಿಚ್ ಓಡಿಸೋರು ಎನ್ವಿ ಅನ್ನೋ ಸೆಟ್ಟಿಂಗ್ ಫೈಲಲ್ಲಿ ಆವೃತ್ತಿ ನಂಬರನ್ನ ನೀವೇ ಬರೆದಿಡಿ, ಯಾವಾಗ್ಲೂ ಹೊಸದು ಅಂತ ಬಿಡ್ಬೇಡಿ, ವಾಚ್‌ಟವರ್ ಥರ ತಾನಾಗೇ ಏರಿಸೋ ಸಾಧನಾನೂ ಬೇಡ. ಯಾಕೆ ಅಂದ್ರೆ ಮೇ 2025ರಲ್ಲಿ ಬಂದ 1.133 ಆವೃತ್ತಿಯಲ್ಲಿ, ಮುಖ ಮತ್ತು ಚಿತ್ರ ಹುಡುಕಾಟಕ್ಕೆ ಬಳಸೋ ಡೇಟಾಬೇಸ್ ಎಕ್ಸ್‌ಟೆನ್ಶನ್ನೇ ಬದಲಾಗಿ ಪಿಜಿವೆಕ್ಟೋ ಜಾಗಕ್ಕೆ ವೆಕ್ಟರ್‌ಕಾರ್ಡ್ ಬಂತು, ಕಂಪೋಸ್ ಫೈಲಲ್ಲಿ (ಡಾಕರ್ ಯಾವ ಇಮೇಜ್ ಓಡಿಸ್ಬೇಕು ಅಂತ ಬರೆದಿರೋ ಫೈಲ್) ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಿನ ಇಮೇಜಿನ ಸಾಲನ್ನೂ ಕೈಯಾರೆ ಬದಲಿಸ್ಬೇಕಿತ್ತು. ಬಿಡುಗಡೆ ಟಿಪ್ಪಣಿ ಓದಿದವರಿಗೆ ಅದು ಹತ್ತು ನಿಮಿಷದ ಕೆಲಸ. ಅಕ್ಟೋಬರ್ 2025ರ 2.0 ಆವೃತ್ತಿಯಿಂದ ಇಮ್ಮಿಚ್‌ನವರು ಅದನ್ನ ಸ್ಥಿರ ಅಂತ ಘೋಷಿಸಿದ್ದಾರೆ, ಆದ್ರೂ ಟಿಪ್ಪಣಿ ಓದೋ ಅಭ್ಯಾಸ ಬಿಡ್ಬೇಡಿ. ಹೊಸ ಆವೃತ್ತಿ ಮೊದಲ ಸಲ ಚಾಲೂ ಆದಾಗ ಲಾಗ್ ತೆರೆದಿಟ್ಟು ಕೂತ್ಕೊಳ್ಳಿ. ಮೈಗ್ರೇಶನ್ (ಡೇಟಾಬೇಸನ್ನ ಹೊಸ ಆವೃತ್ತಿಗೆ ಹೊಂದಿಸೋದು) ಅನ್ನೋ ಸಾಲುಗಳು ಒಂದರ ಹಿಂದೆ ಒಂದು ಬರ್ತಾ ಇದ್ದು ಮಧ್ಯೆ ಎಷ್ಟೋ ಹೊತ್ತು ಏನೂ ಬರದೇ ನಿಂತ ಹಾಗೆ ಕಾಣ್ತದೆ, ಫ್ಯಾನು ಜೋರಾಗಿ ತಿರುಗ್ತಾ ಇರ್ತದೆ. ಅದು ಇಂಡೆಕ್ಸ್ (ಬೇಗ ಹುಡುಕೋಕೆ ಬೇಕಾದ ಪಟ್ಟಿ) ಕಟ್ತಾ ಇರೋದು. ಆಗ ತಾಳ್ಮೆ ಕೆಟ್ಟು ರೀಸ್ಟಾರ್ಟ್ ಕೊಡ್ಬೇಡಿ, ಎದ್ದು ಹೋಗಿ ಚಾ ಕುಡ್ಕೊಂಡು ಬನ್ನಿ.

ಕಂಪೋಸ್ ಫೈಲಲ್ಲಿ ಪೋಸ್ಟ್‌ಗ್ರೆಸ್ 14 ಅಂತ ಇದ್ದದ್ದನ್ನ ಸುಮ್ನೆ 17 ಅಂತ ತಿದ್ದಿದ್ರೆ ಅದು ಚಾಲೂ ಆಗೋದೇ ಇಲ್ಲ, ಡೇಟಾ ಫೈಲ್ ಈ ಸರ್ವರಿಗೆ ಹೊಂದೋದಿಲ್ಲ ಅಂತ ಹೇಳಿ ನಿಲ್ತದೆ. ಡೇಟಾಗೆ ಏನೂ ಆಗಿರೋದಿಲ್ಲ, ನಂಬರ್ ವಾಪಸ್ ಹಾಕಿದ್ರೆ ಏಳ್ತದೆ. ದೊಡ್ಡ ಆವೃತ್ತಿ ದಾಟೋಕೆ ಡಂಪ್ ತೆಗೆದು ಹೊಸ ಖಾಲಿ ಜಾಗಕ್ಕೆ ತುಂಬೋದೇ ನೇರ ದಾರಿ. ಇಮ್ಮಿಚ್‌ನವರು 14 ಕೊಟ್ಟಿದ್ರೆ 14ರಲ್ಲೇ ಇರಿ, ನಂಬರ್ ಹಳೇದು ಅಂತ ಬೇಜಾರು ಬೇಡ.

ಇದಕ್ಕಿಂತ ಕಳ್ಳ ಸಮಸ್ಯೆ ಇನ್ನೊಂದಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ. ಅಕ್ಷರಗಳನ್ನ ಯಾವ ಕ್ರಮದಲ್ಲಿ ಜೋಡಿಸ್ಬೇಕು ಅನ್ನೋ ನಿಯಮವನ್ನ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯಿಂದ ತಗೊಳ್ತದೆ, ಡೆಬಿಯನ್ 12ರಲ್ಲಿ ಅದು 2.36, 13ರಲ್ಲಿ 2.41. ಲೈಬ್ರರಿ ಬದಲಾಗಿ ನಿಯಮ ಕೊಂಚ ಬದಲಾದ್ರೂ ಹಳೇ ಇಂಡೆಕ್ಸ್ ಮಾತ್ರ ಹಳೇ ಕ್ರಮದಲ್ಲೇ ಕೂತಿರ್ತದೆ, ಅಕಾರಾದಿ ಬದಲಾದ್ಮೇಲೆ ಹಳೇ ನಿಘಂಟಲ್ಲಿ ಪದ ಹುಡುಕಿದ ಹಾಗೆ, ಪದ ಇರ್ತದೆ, ಆದ್ರೆ ನೀವು ತೆರೆದ ಪುಟದಲ್ಲಿ ಇರೋದಿಲ್ಲ. ಇರೋ ಫೈಲನ್ನೇ ಇಲ್ಲ ಅಂದ್ಕೊಂಡು ಅದು ಮತ್ತೊಂದು ಸಲ ಸೇರಿಸ್ಲೂಬಹುದು. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಕಾಲೇಶನ್ (ಅಂದ್ರೆ ಈ ಜೋಡಿಸೋ ನಿಯಮದ) ಆವೃತ್ತಿ ಹೊಂದ್ತಾ ಇಲ್ಲ ಅಂತ ಲಾಗಲ್ಲಿ ಎಚ್ಚರಿಕೆ ಬರ್ತದೆ, 14ರಲ್ಲಿ ಇಡೀ ಡೇಟಾಬೇಸಿನ ಮಟ್ಟದ ಆ ಎಚ್ಚರಿಕೆ ಇಲ್ಲ. ಡಾಕರ್‌ನಲ್ಲಿ ಈ ಲೈಬ್ರರಿ ಇಮೇಜಿನ ಒಳಗೇ ಇರೋದ್ರಿಂದ ಹೊರಗಿನ ಲಿನಕ್ಸ್ ಏರಿಸಿದ್ರೆ ಏನೂ ಆಗೋದಿಲ್ಲ, ಆದ್ರೆ ಅದೇ ನಂಬರಿನ ಇಮೇಜಿಗೆ ಒಳಗಿನ ಡೆಬಿಯನ್ ಬದಲಾದಾಗ ಆಗ್ತದೆ. ಎಚ್ಚರಿಕೆ ಕಂಡ್ರೆ ಫೋಟೋ ಆ್ಯಪ್ ನಿಲ್ಲಿಸಿ, ಮೊದಲು ಇಡೀ ಡೇಟಾಬೇಸನ್ನ ರೀಇಂಡೆಕ್ಸ್ ಮಾಡಿ, ಅದು ಮುಗಿದ ಮೇಲೇ ಕಾಲೇಶನ್ ಆವೃತ್ತಿಯನ್ನ ರಿಫ್ರೆಶ್ ಮಾಡೋ ಆಜ್ಞೆ ಕೊಡಿ. ಉಲ್ಟಾ ಮಾಡಿದ್ರೆ ಎಚ್ಚರಿಕೆ ಹೋಗ್ತದೆ, ರೋಗ ಉಳೀತದೆ.

ಡಾಕರ್ ಇಲ್ಲದೇ ನೇರ ಡೆಬಿಯನ್ ಮೇಲೆ ನಡೆಸೋರಿಗೆ 12ರಿಂದ 13ಕ್ಕೆ ಹೋಗೋವಾಗ ಕೆಲಸ ಜಾಸ್ತಿ. ಪೋಸ್ಟ್‌ಗ್ರೆಸ್ 15ರಿಂದ 17 ಆಗ್ತದೆ, ಪೈಥಾನ್ 3.11 ಹೋಗಿ 3.13, ವಿಡಿಯೋ ಬಿಡಿಸೋ ಎಫ್‌ಎಫ್‌ಎಂಪೆಗ್ 5.1 ಹೋಗಿ 7.1. ಪೈಥಾನಿನ ವೆನ್ವ್ (ಒಂದು ಪ್ರೋಗ್ರಾಮಿಗೆ ಬೇಕಾದ ಪೈಥಾನ್ ಪ್ಯಾಕೇಜುಗಳನ್ನ ಬೇರೆ ಇಡೋ) ಫೋಲ್ಡರ್ ರಿಪೇರಿ ಮಾಡೋಕೆ ಕೂರ್ಬೇಡಿ, ಅಳಿಸಿ ಹೊಸದಾಗಿ ಕಟ್ಟಿ, ಅದಕ್ಕೇ ಪ್ಯಾಕೇಜ್ ಪಟ್ಟಿಯನ್ನ ಮೊದಲೇ ಬರೆದಿಟ್ಕೊಂಡಿರಿ. ನೀವೇ ಕಂಪೈಲ್ ಮಾಡಿದ ಪ್ರೋಗ್ರಾಂ ಇದ್ರೆ ಎಲ್‌ಡಿಡಿ ಓಡಿಸಿ ಯಾವ ಲೈಬ್ರರಿ ಸಿಗ್ತಾ ಇಲ್ಲ ನೋಡಿ, ವಿಡಿಯೋ ಥಂಬ್‌ನೈಲ್ ಮಾತ್ರ ಬರೋದಿಲ್ಲ ಅಂದ್ರೆ ಎಫ್‌ಎಫ್‌ಎಂಪೆಗ್‌ನ ಲಿಬ್‌ಎವಿಕೋಡೆಕ್ ಲೈಬ್ರರಿ 59ರ ಜಾಗಕ್ಕೆ 61 ಬಂದಿರೋದೇ ಕಾರಣ ಇರ್ಬಹುದು. ನೆಕ್ಸ್ಟ್‌ಕ್ಲೌಡಿನವರು ಪಿಎಚ್‌ಪಿ (ನೆಕ್ಸ್ಟ್‌ಕ್ಲೌಡ್ ಬರೆದಿರೋ ಭಾಷೆ) ನೋಡ್ಕೊಳ್ಳಿ, ಡೆಬಿಯನ್ 13ರಲ್ಲಿ ಪಿಎಚ್‌ಪಿ 8.4 ಇದೆ, ನೆಕ್ಸ್ಟ್‌ಕ್ಲೌಡ್ 30 ಅದನ್ನ ಒಪ್ಪೋದಿಲ್ಲ. ಹಂಗಾಗಿ ಮೊದಲು 31ಕ್ಕೆ ಏರಿ, ಆಮೇಲೆ ಲಿನಕ್ಸ್. ನೆಕ್ಸ್ಟ್‌ಕ್ಲೌಡಲ್ಲಿ ದೊಡ್ಡ ನಂಬರ್ ಹಾರಿಸಿ ಹೋಗೋ ಹಾಗಿಲ್ಲ, ಒಂದೊಂದೇ ಮೆಟ್ಟಿಲು.

ಡಾಕರನ್ನೂ ತಾನಾಗೇ ಏರದ ಹಾಗೆ ಆಪ್ಟ್‌ನಲ್ಲಿ (ಪ್ಯಾಕೇಜ್ ಏರಿಸೋ ಸಾಧನ) ಹೋಲ್ಡ್ ಹಾಕಿಡಿ. ನವೆಂಬರ್ 2025ರ ಡಾಕರ್ 29 ಹಳೇ ಎಪಿಐ (ಬೇರೆ ಪ್ರೋಗ್ರಾಂ ಡಾಕರ್ ಜೊತೆ ಮಾತಾಡೋ ರೀತಿ) ಆವೃತ್ತಿಗಳನ್ನ ನಿಲ್ಲಿಸ್ತು, 1.44ಕ್ಕಿಂತ ಕೆಳಗೆ ಮಾತಾಡೋ ಟ್ರೇಫಿಕ್ (ಹೊರಗಿಂದ ಬಂದವರನ್ನ ಸರ್ವರಿಗೆ ಕಳಿಸೋದು), ಪೋರ್ಟೇನರ್ (ಡಾಕರ್ ನೋಡ್ಕೊಳ್ಳೋ ಪುಟ) ಇಂಥವುಗಳ ಹಳೇ ಆವೃತ್ತಿಗಳೆಲ್ಲ ಒಮ್ಮೆಲೇ ನಿಂತ್ವು. ಫೋಟೋ ಸರ್ವರ್ ಸರಿಯೇ ಇರ್ತದೆ, ಮುಂದಿನ ಬಾಗಿಲು ಮಾತ್ರ ತೆರೆಯೋದಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿಗೆ ಕನೆಕ್ಟರ್ ಹಿಡೀತದೆ. ಅಪ್‌ಗ್ರೇಡಿಗೆ ಮೊದಲು ಸ್ಮಾರ್ಟ್‌ಸಿಟಿಎಲ್ (ಡಿಸ್ಕಿನ ಆರೋಗ್ಯ ತೋರಿಸೋ ಆಜ್ಞೆ) ಓಡಿಸಿ ಸಿಆರ್‌ಸಿ ಎರರ್ (ಡೇಟಾ ಸಾಗೋವಾಗಿನ ತಪ್ಪು) ಎಣಿಕೆ ನೋಡಿ, ಅದು ವಾರದಿಂದ ವಾರಕ್ಕೆ ಏರ್ತಾ ಇದ್ರೆ ಬಹುತೇಕ ತಪ್ಪು ಡಿಸ್ಕಿಂದಲ್ಲ, ಕೇಬಲ್ಲಿಂದು. ರೀಅಲೊಕೇಟೆಡ್ ಸೆಕ್ಟರ್ (ಹಾಳಾಗಿದೆ ಅಂತ ಡಿಸ್ಕ್ ಬದಲಿಸಿದ ಜಾಗ) ಏರ್ತಾ ಇದ್ರೆ ಮಾತ್ರ ಅಪ್‌ಗ್ರೇಡ್ ಬಿಟ್ಟು ಮೊದಲು ಹೊಸ ಡಿಸ್ಕ್ ತಗೊಳ್ಳಿ.

ಎಲ್ಲಾ ಮುಗಿದ ಮೇಲೆ ಪುಟ ತೆರೀತು ಅಂತ ಬಿಟ್ಟು ಏಳ್ಬೇಡಿ. ಐಫೋನಿಂದ ಒಂದು ಹೈಕ್ (ಐಫೋನಿನ ಫೋಟೋ ಫೈಲ್ ಮಾದರಿ) ಫೋಟೋ, ಆಂಡ್ರಾಯ್ಡಿಂದ ಒಂದು ವಿಡಿಯೋ ಹೊಸದಾಗಿ ಏರಿಸಿ ಥಂಬ್‌ನೈಲ್ ಬಂತಾ ನೋಡಿ. ಮುಖದ ಹೆಸರಿಂದ ಹುಡುಕಿ. ಐದು ವರ್ಷ ಹಿಂದಿನ ಒಂದು ಫೋಟೋದ ಮೂಲ ಫೈಲ್ ಇಳಿಸಿ ಶಾಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಯುಎಸ್‌ಬಿ ಡಿಸ್ಕಲ್ಲಿ ಇರೋದ್ರ ಜೊತೆ ಹೋಲಿಸಿ. ಮನೆಯವರ ಮೊಬೈಲಲ್ಲಿ ಆ್ಯಪ್ ಹಳೇದಿದ್ರೆ ಅದನ್ನೂ ಏರಿಸಿ, ಇಲ್ಲಾಂದ್ರೆ ಬ್ಯಾಕಪ್ ನಿಂತದ್ದು ಅವರಿಗೆ ಗೊತ್ತೇ ಆಗೋದಿಲ್ಲ.

ಕೊನೇದಾಗಿ ಹಳೇ ಪೋಸ್ಟ್‌ಗ್ರೆಸ್. ಡೆಬಿಯನ್ ಏರಿಸಿದಾಗ 15 ಅಲ್ಲೇ ಇದ್ದು ಪಕ್ಕಕ್ಕೆ ಖಾಲಿ 17 ಬಂದು ಕೂತಿರ್ತದೆ, ನಿಮ್ಮ ಡೇಟಾ ಇನ್ನೂ 15ರಲ್ಲೇ. ಅದಕ್ಕೇ ಆಟೋರಿಮೂವ್ (ಬೇಡದ ಪ್ಯಾಕೇಜ್ ತೆಗೆಯೋ ಆಜ್ಞೆ) ಒತ್ತೋ ಮೊದಲು ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್ 15 ಇದೆಯಾ ನೋಡಿ, ಇದ್ರೆ ಬೇಡ ಅನ್ನಿ. ಖಾಲಿ 17ರ ಕ್ಲಸ್ಟರ್ ಅನ್ನೋ ಡೇಟಾ ಜಾಗ ತೆಗೆದು (ನಂಬರ್ ಎರಡು ಸಲ ಓದಿ), ಬೇಕಾದ ಎಕ್ಸ್‌ಟೆನ್ಶನ್‌ಗಳ 17ರ ಪ್ಯಾಕೇಜ್ ಹಾಕಿ, ಡೇಟಾ ಸಾಗಿಸೋ ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್ ಆಜ್ಞೆಯನ್ನ ಡಂಪ್ ವಿಧಾನದಲ್ಲಿ ಓಡಿಸಿ, ಹಂಗೆ ಮಾಡಿದ್ರೆ ಇಂಡೆಕ್ಸ್ ಹೊಸದಾಗಿ ಕಟ್ಟೋದ್ರಿಂದ ಕಾಲೇಶನ್ ತಲೆಬಿಸಿನೂ ಇಲ್ಲ. 15ನ್ನ ಒಂದು ತಿಂಗಳು ಹಂಗೇ ನಿಲ್ಲಿಸಿಡಿ, ಆಮೇಲೆ ಅಳಿಸಿ.